ಉಗುರಗಲದ ಗಂಟಲು

ಇದು ಮೂರನೆಯದು, ಇನ್ನಾಸಪ್ಪನವರೇ,
ಈ ಬೇಸಿಗೆಯೊಂದರಲ್ಲೇ.
ಬಿಸ್ಕತ್ತಿನ ಡಬ್ಬಿಯಲ್ಲಿ ಹಳೇ ಬನಿಯನ್ನು ಹಾಸಿ
ಎಂಜಿನ್ನನ್ನು ಮಲಗಿಸಿಕೊಂಡು ಬರುತ್ತೀರಿ
ಅಶೋಕಪುರಂನಿಂದ ಮಂಡಿ ಮೊಹಲ್ಲಾಕ್ಕೆ
ಸಿಟಿ ಬಸ್ಸಿನಲ್ಲಿ, ತೊಡೆಯ ಮೇಲೆ.
ಮೀಟರ್ ಗೇಜಿನ ಡೀಸೆಲ್ಲು, ನೀವೇ ತಗಡು ಕತ್ತರಿಸಿ ಮಾಡಿದ್ದು.
"ಗಂಟಲು ಕಟ್ಟಿದೆ, ಖೈರಮ್ಮ, ನೋಡು."

ಕಟ್ಟಿಲ್ಲ. ಹರಿದಿದೆ.

ನಾಲ್ಕು ತಿರುಪು, ಇರುವೆಯ ತಲೆಯಷ್ಟು. ಬಿಚ್ಚುತ್ತೇನೆ.
ತಗಡಿನ ಮೈ ಕಳಚಿದರೆ ಒಳಗೆ
ಉಗುರಗಲದ ಸ್ಪೀಕರು.
ಅಪ್ಪನ ಕಾಲದಲ್ಲಿ ಇದೇ ಮೇಜಿಗೆ
ಹದಿನೈದಿಂಚಿನವು ಬರುತ್ತಿದ್ದವು ಮದುವೆ ಛತ್ರಗಳಿಂದ,
ಬಾಯಿ ಸುಟ್ಟುಕೊಂಡು.
ಅವುಗಳ ಕಾಗದ ಬದಲಿಸುತ್ತಲೇ ನಾನು ದೊಡ್ಡವಳಾದೆ.
ಅಪ್ಪ ಹೇಳುತ್ತಿದ್ದುದು ಒಂದೇ:
ಸ್ಪೀಕರು ತಾನಾಗಿ ಸಾಯುವುದಿಲ್ಲ,
ತಿರುಗಣಿಯ ಮೇಲೆ ಯಾರದೋ ಕೈ ಇರುತ್ತದೆ.

ಮೊದಲ ಸಲ ಹಳಿ ಉಜ್ಜಿದ್ದಿರಿ
ಪಾತ್ರೆ ತಿಕ್ಕುವ ಸ್ಟೀಲ್ ನಾರಿನಲ್ಲಿ.
ಉದುರಿದ ಎಳೆಯೆಲ್ಲ ಆಯಸ್ಕಾಂತಕ್ಕೆ ಹೋಗಿ ಕಚ್ಚಿ
ಗಂಟಲ ತುಂಬ ಮುಳ್ಳು.
ಬಟ್ಟೆ ಸಾಕು, ಎರಡು ಹನಿ ಸ್ಪಿರಿಟ್ಟು, ಅಂದೆ.
ಒಪ್ಪಿದಿರಿ.
ಎರಡನೆಯ ಸಲ ಎಣ್ಣೆ. ಹಲ್ಲುಚಕ್ರಕ್ಕೆ ಬಿಟ್ಟದ್ದು
ಸದ್ದಿಲ್ಲದೆ ತೆವಳಿ ಪೊರೆಯನ್ನು ತೋಯಿಸಿತ್ತು.
ಸೂಜಿಮೊನೆಯಲ್ಲಿ ಮುಟ್ಟಿಸಿ, ಸುರಿಯಬೇಡಿ, ಅಂದೆ.
ಅದಕ್ಕೂ ಹೂಂ.

ಈ ಸಲ ಕಸವಿಲ್ಲ, ಎಣ್ಣೆಯಿಲ್ಲ.
ಅಂಚಿನಲ್ಲಿ ಸೀಳಿದ ಪೊರೆ, ಕಪ್ಪಿಟ್ಟ ಸುರುಳಿ,
ಮೂಸಿದರೆ ಸುಟ್ಟ ಅರಗಿನ ವಾಸನೆ.
ದನಿ ಎಷ್ಟಕ್ಕಿಟ್ಟಿದ್ದಿರಿ?
"ಪೂರ್ತಿ."
ಪೂರ್ತಿಯಾ?
"ಪೂರ್ತಿ ಇಟ್ಟರೂ ಹಾರನ್ನು ಮೆತ್ತಗೆ, ಮಗಾ.
ಕಡಕೊಳದ ಗೇಟಿಗೆ ಹೊಡೆದರೆ
ನಿಜವಾದದ್ದು ನಂಜನಗೂಡಿಗೆ ಕೇಳ್ತಿತ್ತು."

ಆಗ ಕಂಡಿತು ನನಗೆ:
ಇಷ್ಟು ದಿನವೂ ನಾನು ಎರಡೆರಡು ಸಲ ಹೇಳುತ್ತಿದ್ದುದು,
ನೀವು ನನ್ನ ತುಟಿಯನ್ನೇ ನೋಡುತ್ತಿದ್ದುದು,
ಈಗಷ್ಟೇ ಬಾಗಿಲಲ್ಲಿ ಆಟೋದವನು ಹೊಡೆದು ಹೊಡೆದು
ಕೊನೆಗೆ ಬೈದು ಹೋದದ್ದು.
ಮೂವತ್ತೊಂದು ವರ್ಷ ಡೀಸೆಲ್ಲಿನ ಪಕ್ಕ ಕೂತ ಕಿವಿ.
ಅದಕ್ಕೆ ಹೊಸ ಪೊರೆ ಹಾಕುವ ಅಂಗಡಿ
ಈ ಮಂಡಿಯಲ್ಲಿಲ್ಲ.

ಹೊಸದು ಕೂರಿಸಿದೆ, ಎಂಟು ಓಮಿನದು;
ನಾಲ್ಕರದ್ದಾದರೆ ಈ ಹಳೇ ಚಿಪ್ ಬೆಂದುಹೋಗುತ್ತದೆ.
ಹಿಂದಿನ ಡಬ್ಬಿಯ ಸಂದಿಗೆ ಮೇಣ ಮೆತ್ತಿದೆ.
ಗಾಳಿ ಸೋರಿದರೆ ದನಿ ಬಡವಾಗುತ್ತದೆ,
ದನಿ ಬಡವಾದರೆ ಕೈ ತಿರುಗಣಿಗೆ ಹೋಗುತ್ತದೆ.
ಅರ್ಧಕ್ಕಿಂತ ಮೇಲೇರದಂತೆ ಬೀಗವನ್ನೂ ಹಾಕಿದೆ.
ಹೇಳದೆ ಹಾಕಬಾರದೆಂದು ಹೇಳಿದೆ,
ಜೋರಾಗಿ.
ನೀವು ಮಾತಾಡಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿರಿ.

ಬಿಲ್ಲು ಬರೆದು ಕಳಿಸಬಹುದಿತ್ತು.
ಮೊಳದುದ್ದ ಹಳಿ ಜೋಡಿಸಿ ಎಂಜಿನ್ನಿಟ್ಟೆ,
ನಿಂತಲ್ಲೇ ಗುರುಗುಟ್ಟಲು ಬಿಟ್ಟೆ.
ನಿಮ್ಮ ಎರಡು ಬೆರಳು ಹಿಡಿದು
ಅದರ ನೆತ್ತಿಯ ಮೇಲೆ ಇರಿಸಿದೆ,
ಮಗುವಿನ ಜ್ವರ ನೋಡುವ ಹಾಗೆ.

ಕಣ್ಣು ಮುಚ್ಚಿದಿರಿ. ಬಹಳ ಹೊತ್ತು.
ಪಕ್ಕದ ಗಿರಣಿ ನಿಂತಿತು, ಮತ್ತೆ ಶುರುವಾಯಿತು.
"ಓಡ್ತಿದೆ," ಅಂದಿರಿ. ಆಮೇಲೆ ಹುಬ್ಬು ಗಂಟಿಕ್ಕಿ,
"ಎಲ್ಲೋ ಒಂದು ತಿರುಪು ಸಡಿಲ. ಬಲಗಡೆ, ಹಿಂದೆ."

ನನಗೆ ಕೇಳಿಸಿರಲಿಲ್ಲ.
ಮುಟ್ಟಿ ನೋಡಿದೆ. ನಾಲ್ಕನೆಯದು.
ಅರ್ಧ ಸುತ್ತು ಬಾಕಿ ಇತ್ತು.