ಕಾಲಂ ಹನ್ನೊಂದು: ನಿಮಿಷಗಳಲ್ಲಿ

ಸೈರನ್ ಕೂಗಿದ ಮೇಲೆ ಮನೆ ಬಿಡಲು ಎಷ್ಟು ಹೊತ್ತು ಬೇಕು?
ಚಳ್ಳಕೆರೆ ಸೀಮೆಯ ಕರೆಬೋರನಹಟ್ಟಿ, ನೂರಾ ಹದಿನಾಲ್ಕು ಮನೆ,
ಮನೆಗೆ ಹನ್ನೆರಡು ರೂಪಾಯಿ.
ಬರೆಯುವವಳು ನಾನು, ಅಂಗನವಾಡಿ ಸೂರಮ್ಮ.

"ಎಸರು ಇಳಿಸೋಷ್ಟು" ಅಂದಳು ತಿಪ್ಪಕ್ಕ.
ಎಸರೋ, ಮುದ್ದೆಯೋ?
"ಹಸಿ ಹಿಟ್ಟು ಬಿಟ್ಟು ಯಾರ್ ಹೋತಾರೆ? ಮುದ್ದೆ."
ಇಪ್ಪತ್ತೈದು ಎಂದು ಬರೆದೆ.
ಗಾದ್ರಪ್ಪನದು ಒಂದು ಬೀಡಿ ಹೊತ್ತು:
ಆರು. ಕೆಮ್ಮು ಸೇರಿಸಿ ಒಂಬತ್ತು.

ಮಗ್ಗದ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದ ಕೆಂಚವೀರ
ಲಾಳಿ ನಿಲ್ಲಿಸಲಿಲ್ಲ.
"ಕಂಬಳಿ ಅರ್ಧಕ್ಕೆ ಕೊಯ್ಯಾಕೆ ಬರಲ್ಲ ಕಣವ್ವ.
ಅದು ಏಟು ಜೋರು ನಡೀತೈತೆ?"
ಬಣ್ಣವಿಲ್ಲ, ವಾಸನೆಯಿಲ್ಲ ಎಂದಷ್ಟೇ
ತರಬೇತಿಯಲ್ಲಿ ಹೇಳಿದ್ದರು.
ಗಾಳಿಯಷ್ಟು ಎಂದೆ.
"ಯಾವ ತಿಂಗಳ ಗಾಳಿ?"
ಎರಡು ಮೊಳ ಉಳಿದಿತ್ತು. ತೊಂಬತ್ತೊಂಬತ್ತು ಬರೆದೆ.

ಪಾಲಯ್ಯ ಕುರಿ ಹೊಡೆದುಕೊಂಡು ಹಿರಿಯೂರು ಕಡೆ ಹೋಗಿ ತಿಂಗಳಾಯಿತು.
ಬೀಗ ಹಾಕಿದ ಮನೆ: ಸೊನ್ನೆ.
ಹಟ್ಟಿಗೆಲ್ಲ ಮೊದಲು ಪಾರಾಗುವವನು ಅವನೇ.

ಕಿವಿ ಕೇಳದ ಸಣ್ಣಕಾಟಿಗೆ
ಸೈರನ್ ಚಿತ್ರ ಬರೆದು ತೋರಿಸಿದೆ.
ಅವಳು ಜಗಲಿ ಮೇಲೆ ಮಲಗಿದ್ದ ನಾಯಿಯ
ಕಿವಿ ಹಿಡಿದು ನೆಟ್ಟಗೆ ನಿಲ್ಲಿಸಿ ನಕ್ಕಳು.
ನಾಯಿಗೆ ಕಾಲಂ ಇಲ್ಲ. 'ಇತರೆ'ಯಲ್ಲಿ ಸೇರಿಸಿದೆ.

ನಕ್ಷೆಯಲ್ಲಿ ಟಾರು ರಸ್ತೆಗೆ ಎರಡೇ ಕಿಲೋಮೀಟರು.
ಆ ಬಂಡಿದಾರಿ ಈಗ ಗೋಡೆಯ ಒಳಗಿದೆ.
ಕಾವಲಿಗೆ ಗೋಡೆ ಬಂದ ವರ್ಷದಿಂದ ನಾವು ಸುತ್ತಿ ಹೋಗುತ್ತೇವೆ,
ಅದರ ಮಗ್ಗುಲಲ್ಲೇ, ಐದೂವರೆ.
ಅಂದರೆ, ಅದನ್ನು ಬಿಟ್ಟು ಓಡುವ ಮೊದಲು
ಅದರ ಜೊತೆಗೇ ಅಷ್ಟು ದೂರ ಓಡಬೇಕು.
ಇದನ್ನು ಬರೆಯಲು ಜಾಗ ಹುಡುಕಿದೆ.
ಹಾಳೆಯ ಹಿಂಬದಿಯನ್ನು ಯಾರೂ ಓದುವುದಿಲ್ಲವಂತೆ.

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕೂಡಿಸಿ, ಭಾಗಿಸಿದರು.
ಸರಾಸರಿ ಹದಿನೇಳು. "ಪರವಾಗಿಲ್ಲ" ಅಂದರು.
ಹದಿನೇಳು ಎಂದ ಮನೆ
ನನ್ನ ಕಟ್ಟಿನಲ್ಲಿ ಒಂದೂ ಇರಲಿಲ್ಲ.

ರಾತ್ರಿ ಉಳಿದದ್ದು ಒಂದೇ ಹಾಳೆ, ನಮ್ಮ ಮನೆಯದು.
ಹೋಂವರ್ಕ್ ಬಿಟ್ಟು ಮಗಳು ಬಂದು ಕೂತಳು:
"ಎಲ್ಲರ ಬಾಗಿಲು ಬಡಿದು ಎಬ್ಬಿಸೋಳು ನೀನೇ ಅಲ್ವ?
ನೀನು ಬರೋವರೆಗೂ ನಾನು ಕಾಯ್ತೀನಿ.
ಬರಕೋ."

ನೂರಾ ಹದಿಮೂರು ಬಾಗಿಲು.
ಬಾಗಿಲಿಗೆ ಎರಡು ನಿಮಿಷ ಹಿಡಿದೆ,
ತಿಪ್ಪಕ್ಕನ ಮನೆಗೂ ಎರಡೇ.
ಕೂಡಿಸಿದೆ.
ಕಾಲಂ ಹನ್ನೊಂದರಲ್ಲಿ ಇರುವುದು
ಎರಡೇ ಚೌಕ.