ಒಂದು ಅಳತೆ ಪುಡಿ, ಎರಡು ಹನಿ

ಹನ್ನೊಂದನೇ ನಂಬರಿನ ಕುರ್ಚಿ ನನ್ನದು.
ಅಂದರೆ, ಕೂರುವವಳು ನಾನಲ್ಲ;
ಕೂತವರ ಬಾಯಿಗೆ ಬೇಕಾದ್ದನ್ನು
ಕಲೆಸಿ ಕೊಡುವವಳು.

ಇವತ್ತು ಕೂತವನು ಮಂಡಕ್ಕಿ ಭಟ್ಟಿಯ ದಾದಾಪೀರ.
ಹುಬ್ಬಿನ ಮೇಲೆ ಹೊಟ್ಟಿನ ಬೂದಿ,
ಅಂಗಿಯಲ್ಲಿ ಕಾದ ಮರಳಿನ ವಾಸನೆ.
ಬಾಯಿ ತೆರೆದ:
ಎಡಗಡೆ, ಕೆಳಗೆ, ಹಿಂದಿನಿಂದ ಎರಡನೆಯದು,
ಬಾಣಲೆಗೆ ಬಿದ್ದೂ ಅರಳದೆ
ಕರಕಾದ ಒಂದು ಕಾಳು.

‘ಕಿತ್ತುಬಿಡ್ರಿ ಮೇಡಂ, ಒಂದೇ ಸಲಕ್ಕೆ ಮುಗೀಲಿ.’
ಡಾಕ್ಟರ್ ಹುಡುಗಿ ಸೃಜನಾ ಕೇಳಿಸಿಕೊಳ್ಳಲಿಲ್ಲ.
ಸಣ್ಣ ಚಮಚದಂಥ ಉಳಿಯಲ್ಲಿ ಕೆರೆದಳು.
ಮೊದಲು ಕಪ್ಪು, ಒದ್ದೆ ಮಣ್ಣಿನಂಥದ್ದು,
ಆಮೇಲೆ ಕಂದು, ತೊಗಲಿನಂಥದ್ದು.
ಅಲ್ಲಿ ಕೈ ನಿಲ್ಲಿಸಿದಳು.
ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ
ಬಿಳಿ ಕಾಣುವ ತನಕ ಕೊರೆಸುತ್ತಿದ್ದರು ದೊಡ್ಡ ಡಾಕ್ಟರು;
ಮೆತ್ತಗಿನದು ಚೂರು ಉಳಿದರೂ ಬೈಗುಳ.
ಈಗಿನವರು ಬಿಡುತ್ತಾರೆ.
‘ಇದು ಸತ್ತಿಲ್ಲ ಕರಿಬಸಮ್ಮ, ಉಪ್ಪು ಕಳಕೊಂಡಿದೆ ಅಷ್ಟೇ.
ಕೊಟ್ಟರೆ ತಗೊಳ್ತದೆ.’

ಇನ್ನು ನನ್ನ ಸರದಿ.
ಪುಡಿಯ ಬಾಟಲಿ ಕುಲುಕಿ, ಒಂದು ಅಳತೆ,
ನೆತ್ತಿ ಸವರಿ ಸಮ ಮಾಡಿ;
ಬುಡ್ಡಿ ಬೋರಲು ಹಿಡಿದು ಎರಡು ಹನಿ,
ಗುಳ್ಳೆ ಇರಬಾರದು.
ಅರ್ಧ ಪುಡಿ ಈಗ, ಅರ್ಧ ಆಮೇಲೆ.
ತಿಕ್ಕಬಾರದು, ಮಡಚಬೇಕು,
ಹೋಳಿಗೆಯ ಕಣಕದ ಹಾಗೆ.
ಇಪ್ಪತ್ತೈದು ಎಣಿಸುವುದರೊಳಗೆ, ಹೊಳಪಿರುವಾಗಲೇ ಕೊಡಬೇಕು;
ಹೊಳಪು ಆರಿತೋ, ಅಂಟುವುದಿಲ್ಲ,
ಮುನಿದ ಬೀಗಿತ್ತಿ.

‘ಹಿಹೆಂಟಾ?’ ಎಂದ, ಬಾಯಿತುಂಬ ಹತ್ತಿ.
ಸಿಮೆಂಟೇ, ಎಂದೆ.
ಗಾಜಿನ ಪುಡಿ, ಹುಳಿ ನೀರು.
ಗೋಡೆಯ ಸಿಮೆಂಟು ಸುಮ್ಮನೆ ಕೂರುತ್ತದೆ,
ಇದು ಕೂತಲ್ಲಿಂದಲೇ ಕೊಡುತ್ತಿರುತ್ತದೆ ನೋಡು:
ಸುಣ್ಣದ ಸತ್ವ ಚೂರು, ರಂಜಕ ಚೂರು, ಫ್ಲೋರೈಡು ಚೂರು,
ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ,
ನೀನು ಮಲಗಿದಾಗಲೂ.
ತನ್ನದು ತೀರಿದರೆ
ಬೆಳಿಗ್ಗೆ ನೀನು ಉಜ್ಜುವ ಪೇಸ್ಟಿನಿಂದ ಕೈಗಡ ತಂದು
ಮತ್ತೆ ಹಂಚುತ್ತದೆ.

ಫ್ಲೋರೈಡು.
ಆ ಹೆಸರು ಹೇಳಿದ ಮೇಲೆ ನನ್ನ ತುಟಿ ತಾನಾಗಿ ಮುಚ್ಚುತ್ತದೆ,
ಮಾಸ್ಕ್ ಇದ್ದರೂ.
ಜಗಳೂರಿನ ಕಡೆಯ ಊರು ನಮ್ಮದು.
ನಾನು ಹುಟ್ಟಿದ ವರ್ಷವೇ ಕೊರೆಸಿದ ಬೋರು.
ಅರಿಸಿನ ಹಚ್ಚಿ ಕಾಯಿ ಒಡೆದರಂತೆ,
ಕಲ್ಲು ಕರಗಿ ಬಂದಷ್ಟು ತಣ್ಣಗಿತ್ತಂತೆ ನೀರು.
ಕಲ್ಲು ಕರಗಿಯೇ ಬಂದಿತ್ತು.
ಹಾಲುಹಲ್ಲು ಬಿದ್ದು ಹೊಸವು ಬಂದಾಗ
ಕಂದು ಪಟ್ಟೆ ಹೊತ್ತುಕೊಂಡೇ ಬಂದವು,
ಓಣಿಯ ಹುಡುಗರಿಗೆಲ್ಲ ಒಂದೇ ಹಚ್ಚೆ.
ಏಳನೇ ಕ್ಲಾಸಿನ ಫೋಟೋದಲ್ಲಿ ಒಬ್ಬರೂ ನಕ್ಕಿಲ್ಲ.
‘ಹುಡುಗಿ ಎಲೆಅಡಿಕೆ ಹಾಕ್ತಾಳೇನು?’
ನೋಡಲು ಬಂದವರು ಕೇಳಿದರು.
ಅಲ್ರಿ, ನೀರು, ಅಂದಳು ಅವ್ವ.
ಅವರು ನೀರೂ ಮುಟ್ಟದೆ ಎದ್ದರು.

ಅದೇ ಇದು.
ಈ ಹಾಳೆಯ ಮೇಲೆ, ನನ್ನ ಕೈಯಡಿ,
ಕಡ್ಡಿಯ ತುದಿಯಷ್ಟು.
ಇದಕ್ಕೆ ಏನು ಹೇಳಬೇಕೋ ನನಗಿನ್ನೂ ತಿಳಿದಿಲ್ಲ.
ದಾವಣಗೆರೆಗೆ ಬಂದು ಹದಿನಾರು ವರ್ಷ,
ದಿನಕ್ಕೆ ಎಂಟೋ ಒಂಬತ್ತೋ ಬಾಯಿಗೆ
ಕಲೆಸಿ ಕೊಡುತ್ತಲೇ ಇದ್ದೇನೆ.

ಹಲ್ಲಿಗೆ ವ್ಯಾಸಲೀನ್ ಸವರಿ ಸೃಜನಾ ಕೈ ತೊಳೆಯಲು ಹೋದಳು.
ದಾದಾಪೀರ ನಾಲಿಗೆಯಲ್ಲಿ ತಡವಿ ನೋಡಿದ,
ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದ.
ಇನ್ನೂ ಬಿಸಿ ಇತ್ತು ಮಂಡಕ್ಕಿ.
‘ಒಂದು ತಾಸು ಏನೂ ತಿನ್ನಂಗಿಲ್ಲ!’
‘ನೀವು ತಿನ್ರಿ ಅಕ್ಕಾ.’
ಕೈ ತೊಳೆದು, ಮಾಸ್ಕ್ ಇಳಿಸಿ, ಒಂದು ಹಿಡಿ ಬಾಯಿಗೆ ಹಾಕಿದೆ.
ನೋಡಿದ. ಕಣ್ಣು ತಪ್ಪಿಸಲಿಲ್ಲ.
‘ಜಗಳೂರು ಕಡೆಯವರೇನ್ರಿ?
ನಮ್ಮ ಮನೆಯಾಕೀವೂ ಹಿಂಗೇ ಅದಾವು’ ಅಂದ,
ತವರಿನ ಗುರುತು ಹಿಡಿದವರ ಹಾಗೆ.

ನಕ್ಕೆನೇನೋ.

ಮಿಕ್ಕ ಚೂರು ಹಾಳೆಯ ಮೇಲೆ ಕಲ್ಲಾಗಿತ್ತು.
ಉಗುರಿನಿಂದ ಎಬ್ಬಿಸಿದೆ, ಏಳಲಿಲ್ಲ;
ಹಾಳೆಯನ್ನೇ ಹರಿದೆ.
ಮುಂದಿನವರು ಬರ್ರಿ.