ಅಗುಳಿ ಇಲ್ಲದ ಹೂವು

ಮೂವತ್ತೊಂದು ವರ್ಷ ಗಾಜಿನ ಪಟ್ಟಿಯ ಮೇಲೆ
ಯಾರ್ಯಾರದೋ ರಕ್ತ ಸವರಿ, ಒಣಗಿಸಿ, ನೇರಳೆ ಬಣ್ಣ ಹೊಯ್ದು
ಒಂದು ಕಣ್ಣು ಮುಚ್ಚಿ ಮಲೇರಿಯಾ ಹುಡುಕಿದವನು ನಾನು.
ಕಾರವಾರದ ಮೀನು ಪೇಟೆಯಲ್ಲಿ ಈಗಲೂ ನನ್ನ ಹೆಸರು
ರಕ್ತದ ನಾಯ್ಕ.

ನಿವೃತ್ತನಾದ ವಾರವೇ ಕೋಡಿಬಾಗದ ಅಂಗಳಕ್ಕೆ
ಹದಿನಾಲ್ಕು ಗುಲಾಬಿ ತಂದೆ, ಬೆಳಗಾವಿ ನರ್ಸರಿಯವು.
ಹೂವೆಂದರೆ ಎಲೆಕೋಸು; ಅಷ್ಟು ಎಸಳು.
ಒಂದೊಂದಕ್ಕೂ ಯಾವುದೋ ರಾಣಿಯ ಹೆಸರು, ತಗಡಿನ ಚೀಟಿ.
ಮೃಗಶಿರೆ ಹಿಡಿಯಿತು. ಮೂರನೇ ದಿನ
ಎಲೆಯ ಮೇಲೆ ಕಪ್ಪು ಚುಕ್ಕೆ, ಸುತ್ತ ಹಳದಿ ಬಳೆ.
ಕೈ ತಾನಾಗಿ ಹಳೆಯ ಕೆಲಸಕ್ಕೆ ಇಳಿಯಿತು:
ಪಾಸಿಟಿವ್. ಪಾಸಿಟಿವ್. ಪಾಸಿಟಿವ್.

ಮದ್ದು ಹೊಡೆದೆ.
ಚುಕ್ಕೆಗೊಂದು, ಹೇನಿಗೊಂದು, ಎರಡೂ ಬೆರೆಸಿ,
ವಾರಕ್ಕೊಮ್ಮೆ, ಮಳೆ ತೊಳೆದರೆ ಮತ್ತೊಮ್ಮೆ,
ಮೂಗಿಗೆ ಹೆಂಡತಿಯ ಹಳೆ ಸೀರೆಯ ತುಂಡು ಕಟ್ಟಿಕೊಂಡು.
ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ
ಏಳು ತುಡುವೆ ಜೇನು, ಕಾಲು ಮಡಚಿ ಬಿದ್ದಿದ್ದವು.
ಊದಿದರೆ ಹಾರುವಷ್ಟು ಹಗುರ.
ಅವನ್ನೂ ಎಣಿಸಿದೆ. ಯಾವ ರಿಜಿಸ್ಟರಿನಲ್ಲಿ ಬರೆಯಲಿ?

ಬೇಲಿಯಾಚೆ ಪಿಯೆದಾದ್ ಬಾಯಿ, ಸೊಂಟಕ್ಕೆ ಕೈ ಕೊಟ್ಟು:
"ಏ ನಾಯ್ಕಾ, ಉಳಿದವಾದರೂ ನಿನ್ನ ರಾಣಿಯರ ಮನೆಗೆ ಹೇಗೆ ಹೋಗಬೇಕು?
ಎಸಳ ಮೇಲೆ ಎಸಳು ಹೊದ್ದು
ಒಳಗಿಂದ ಅಗುಳಿ ಹಾಕಿಕೊಂಡಿದ್ದಾರಲ್ಲ!"
ಮುಂದಿನ ಆದಿತ್ಯವಾರ, ಸದಾಶಿವಗಡದ ತವರಿನ ಗೋಡೆಬುಡದಿಂದ
ಪೆನ್ಸಿಲ್ ದಪ್ಪದ ಮೂರು ಕಡ್ಡಿ,
ಒದ್ದೆ ಗೋಣಿಯಲ್ಲಿ ಸುತ್ತಿ ಕಾಳಿ ಸೇತುವೆ ದಾಟಿಸಿದಳು.
ಹೆಸರೇನು ಅಂದೆ.
ಹೆಸರು ಗೊತ್ತಿದ್ದವರು ಯಾರೂ ಉಳಿದಿಲ್ಲ ಅಂದಳು.

ಹೊಯ್ಗೆ ಮಣ್ಣು, ಒಂದು ಬುಟ್ಟಿ ಸಗಣಿ ಗೊಬ್ಬರ,
ದಿನಾ ಬಂಗಡೆ ತೊಳೆದ ನೀರು.
ಒಂದು ಕಡ್ಡಿ ಕೊಳೆಯಿತು. ಒಂದನ್ನು ಆಡು ತಿಂದಿತು.
ಉಳಿದದ್ದು, ಮರುವರ್ಷದ ಹೊತ್ತಿಗೆ, ನನ್ನ ಭುಜದೆತ್ತರದ ಪೊದೆ.

ಚುಕ್ಕೆ ಅದಕ್ಕೂ ಬಂತು, ಬರಲಿಲ್ಲವೆಂದರೆ ಸುಳ್ಳಾದೀತು.
ಕೆಳಗಿನ ನಾಲ್ಕು ಎಲೆ ಉದುರಿಸಿ
ಪೊದೆ ತನ್ನ ಕೆಲಸಕ್ಕೆ ಹೋಯಿತು.
ನೆನಪಾದ, ಬೈತಖೋಲದ ಆ ಬಲೆಯವನು:
ಸ್ಲೈಡಿನ ತುಂಬ ಮಲೇರಿಯಾ, ಮೈಯಲ್ಲಿ ಜ್ವರವಿಲ್ಲ,
ದೋಣಿ ಹೊರಡುತ್ತದೆ, ಬೇಗ ಬಿಡಿ ಎಂದು ಬೈದು ಹೋಗಿದ್ದ.
ಚೀಟಿ ಅದಲುಬದಲಾಯಿತೆಂದು
ನಾನು ಮೂರು ಸಲ ನೋಡಿದ್ದೆ.

ಐದೇ ಎಸಳು. ತಿಳಿಗುಲಾಬಿ, ತೊಳೆದು ತೊಳೆದು ಮಾಸಿದ ಲಂಗದ ಬಣ್ಣ.
ನಡುವೆ ಹಳದಿ ಕೇಸರದ ರಾಶಿ, ಎಲೆ ಹಾಕಿ ಬಡಿಸಿಟ್ಟ ಹಾಗೆ.
ಎಂಟಕ್ಕೆ ತುಡುವೆ. ಬಿಸಿಲೇರಿದ ಮೇಲೆ ಮಿಸರಿ.
ಆಮೇಲೆ ಕರಿದುಂಬಿ, ಪಂಕ್ತಿಗೆ ತಡವಾಗಿ ಬಂದ ಮಾವನಂತೆ
ಎಲ್ಲರನ್ನೂ ಸರಿಸಿ, ಇಡೀ ಹೂವನ್ನೇ ತೂಗಿಸಿ.
ಆಸ್ಪತ್ರೆ ಹರಾಜಿನ ಮೈಕ್ರೋಸ್ಕೋಪಿನಲ್ಲಿ
ಒಂದು ಚಿಟಿಕೆ ಪರಾಗ ಇಟ್ಟು ನೋಡಿದೆ.
ಯಾರಿಗೂ ತಿಳಿಸಬೇಕಾದ್ದು ಅಲ್ಲಿ ಏನೂ ಇರಲಿಲ್ಲ.
ಬಹಳ ಹೊತ್ತು ನೋಡಿದೆ.

ದೀಪಾವಳಿ ಕಳೆದು, ಎಲೆಯಂಚಿನಲ್ಲಿ ತೂತು:
ನಾಲ್ಕಾಣೆ ಇಟ್ಟು ಕತ್ತರಿಸಿದಷ್ಟು ದುಂಡಗೆ.
ಕೀಡೆ, ಅಂದುಕೊಂಡೆ.
ಎರಡು ಮಳೆಗಾಲ ಬಚ್ಚಲ ಹೊರಗೆ ತೂಗಿದ್ದ ಪಂಪು ಇಳಿಸಿದರೆ
ಕೊಳವೆ ಕಟ್ಟಿದೆ. ಕಡ್ಡಿ ತಗೊಂಡು ಬಿಸಿಲಿಗೆ ಹಿಡಿದೆ.
ಒಳಗೆ ಬೀಡಿಯಂತೆ ಸುತ್ತಿದ ಗುಲಾಬಿ ಎಲೆ,
ಬಾಯಿಗೆ ದುಂಡು ಮುಚ್ಚಳ,
ಮುಚ್ಚಳಕ್ಕೆ ಇನ್ನೊಂದು ಎಲೆಚೂರು ಹೊತ್ತು ತಂದ
ಬೂದು ಹೊಟ್ಟೆಯ ಜೇನೊಂದು, ನನ್ನ ಹೆಬ್ಬೆರಳಿನ ಮೇಲೆ ಕೂತು
ದಾರಿ ಬಿಡು ಎಂಬಂತೆ ಕಾಯುತ್ತಿತ್ತು.

ಪಂಪನ್ನು ಅದೇ ಮೊಳೆಗೆ, ಅದೇ ಮುಖವಾಗಿ ತೂಗಿಸಿದೆ.

ಸಂಜೆ ಹರಿಕಂತ್ರರ ದುಮ್ಮು ಬಂದ:
"ಮಾವು ಹೂ ಬಿಡ್ತದೆ, ಮದ್ದು ಹೊಡೀಬೇಕು, ಪಂಪು ಕೊಡಿ ನಾಯ್ಕರೇ."
ಕೆಟ್ಟಿದೆ, ಅಂದೆ.
ಮೂವತ್ತೊಂದು ವರ್ಷ ಕೊಡದ
ಸುಳ್ಳು ರಿಪೋರ್ಟು.